ಕಾಲ ಹಿಗ್ಗುವಿಕೆಯ ಪಾಠ: ಸೂತ್ರ ಬರುತ್ತದೆ, ‘ಯಾರ ಗಡಿಯಾರ ನಿಧಾನ?’ ಎಂದರೆ ತರಗತಿ ನಿಂತುಬಿಡುತ್ತದೆ

ಭೌತಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯಲ್ಲಿ ವಿಶೇಷ ಸಾಪೇಕ್ಷತಾ ಸಿದ್ಧಾಂತವನ್ನು ಕಲಿಸುತ್ತಿರುವವರ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ. ಕಾಲ ಹಿಗ್ಗುವಿಕೆಯನ್ನು, ಅಂದರೆ ಚಲಿಸುವ ಗಡಿಯಾರ ನಿಧಾನವಾಗಿ ಓಡುತ್ತದೆ ಎಂಬುದನ್ನು, ನಾವು ಬಹುತೇಕ ಎಲ್ಲರೂ ಬೆಳಕಿನ ಗಡಿಯಾರದಿಂದಲೇ ಆರಂಭಿಸುತ್ತೇವೆ. ಎದುರುಬದುರಾಗಿ ಇಟ್ಟ ಎರಡು ಕನ್ನಡಿಗಳ ನಡುವೆ ಬೆಳಕು ಮೇಲೆ ಕೆಳಗೆ ಓಡಾಡುತ್ತದೆ. ಗಡಿಯಾರವೇ ಪಕ್ಕಕ್ಕೆ ಚಲಿಸುತ್ತಿದ್ದರೆ ಹೊರಗೆ ನಿಂತವರ ಲೆಕ್ಕದಲ್ಲಿ ಆ ಬೆಳಕು ಓರೆಯಾದ, ಹೆಚ್ಚು ಉದ್ದದ ದಾರಿಯನ್ನು ಕ್ರಮಿಸಬೇಕು. ಬೆಳಕಿನ ವೇಗ ಇಬ್ಬರಿಗೂ ಒಂದೇ ಆದ್ದರಿಂದ ಪ್ರತಿ ಬಡಿತಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಪೈಥಾಗೊರಸ್ ಪ್ರಮೇಯ ಗೊತ್ತಿದ್ದವರಿಗೆ ಸೂತ್ರ ಅರ್ಧ ಹಲಗೆಯಲ್ಲಿ ಮುಗಿಯುತ್ತದೆ. ಬೆಳಕಿನ ವೇಗದ 0.6ರಷ್ಟು ವೇಗವಿದ್ದರೆ ಗುಣಕ (ಕಾಲ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) 1.25 ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ.

ತೊಡಕು ಅಲ್ಲಿಂದ ಮುಂದೆ. ಆ ಗಡಿಯಾರ ಒಂದು ನೌಕೆಯಲ್ಲಿದೆ ಎನ್ನಿ; ನೌಕೆಯಲ್ಲಿ ಕುಳಿತವರಿಗೆ ಚಲಿಸುತ್ತಿರುವುದು ನಾವು, ಆದ್ದರಿಂದ ಅವರ ಲೆಕ್ಕದಲ್ಲಿ ನಮ್ಮ ಗಡಿಯಾರವೇ ನಿಧಾನ. ಇಬ್ಬರ ಗಡಿಯಾರವೂ ಇನ್ನೊಬ್ಬರದ್ದಕ್ಕಿಂತ ನಿಧಾನವಾಗಲು ಹೇಗೆ ಸಾಧ್ಯ ಎಂದು ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ‘ಇಬ್ಬರೂ ಸರಿ, ಎಲ್ಲವೂ ಸಾಪೇಕ್ಷ’ ಎಂಬ ಒಂದು ಸಾಲಿನಲ್ಲಿ ಇದನ್ನು ದಾಟಿಬಿಟ್ಟರೆ ವಿದ್ಯಾರ್ಥಿಗಳು ಇದೊಂದು ದೃಷ್ಟಿಭ್ರಮೆಯೆಂದೋ ಮಾತಿನ ಆಟವೆಂದೋ ತೀರ್ಮಾನಿಸುತ್ತಾರೆ. ಬಳಿಕ ಎಷ್ಟು ಲೆಕ್ಕ ಮಾಡಿಸಿದರೂ ಆ ತೀರ್ಮಾನ ಅವರ ಮನಸ್ಸಿನಿಂದ ಹೋಗುವುದಿಲ್ಲ. ಇನ್ನೊಂದು ಪ್ರಶ್ನೆಯೂ ಅಷ್ಟೇ ಸಹಜವಾದದ್ದು: ಕನ್ನಡಿಗಳ ನಡುವಿನ ಬೆಳಕಿಗೆ ದೂರ ಹೆಚ್ಚಾಯಿತು, ಒಪ್ಪೋಣ; ನಮ್ಮ ಎದೆಬಡಿತ ಏಕೆ ನಿಧಾನವಾಗಬೇಕು? ಈ ಎರಡನ್ನೂ ನೀವು ಹೇಗೆ ನಿಭಾಯಿಸುತ್ತೀರಿ?

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಮೇಡಂ, ನಿಮ್ಮ ಮೊದಲ ಪ್ರಶ್ನೆಯೇ ಈ ಪಾಠದ ಜೀವಾಳ. ನನ್ನ ದೃಢವಾದ ಅಭಿಪ್ರಾಯವೆಂದರೆ, ಏಕಕಾಲಿಕತೆಯನ್ನು ಕಲಿಸದೆ ಕಾಲ ಹಿಗ್ಗುವಿಕೆಯನ್ನು ಕಲಿಸಲೇಬಾರದು. ಐನ್‌ಸ್ಟೈನ್ 1905ರ ಪ್ರಬಂಧದಲ್ಲಿ ಮೊದಲು ಎತ್ತಿಕೊಂಡದ್ದು ಅದನ್ನೇ: ದೂರದೂರ ಇರುವ ಎರಡು ಗಡಿಯಾರಗಳು ಒಂದೇ ಹೊತ್ತನ್ನು ತೋರಿಸುತ್ತಿವೆ ಎಂದರೆ ಏನರ್ಥ? ಗಡಿಯಾರ ನಿಧಾನವಾಗುವ ಮಾತು ಆಮೇಲೆ ಬರುತ್ತದೆ. ನಾವು ಈ ಕ್ರಮವನ್ನು ತಿರುವುಮುರುವು ಮಾಡಿ, ಆಮೇಲೆ ಒಗಟು ಬಿಡಿಸಲು ಹೆಣಗಾಡುತ್ತೇವೆ.

ಹಲಗೆಯ ಮೇಲೆ ಪೂರ್ತಿಯಾಗಿ ಮಾಡಿ ತೋರಿಸಬಹುದಾದ ಒಂದು ಲೆಕ್ಕವನ್ನು ಬರೆಯುತ್ತೇನೆ. ‘ಅ’ ಮತ್ತು ‘ಆ’ ಎಂಬ ಎರಡು ನಿಲ್ದಾಣಗಳಿವೆ. ಅವುಗಳ ನಡುವಿನ ಅಂತರ ಬೆಳಕು 3 ನಿಮಿಷದಲ್ಲಿ ಕ್ರಮಿಸುವಷ್ಟು. ಎರಡರಲ್ಲೂ ಗಡಿಯಾರಗಳಿದ್ದು, ನಿಲ್ದಾಣದವರ ಪ್ರಕಾರ ಅವು ಸರಿಹೊಂದಿವೆ. ಬೆಳಕಿನ ವೇಗದ 0.6ರಷ್ಟು ವೇಗದಲ್ಲಿ ಸಾಗುವ ನೌಕೆ ‘ಅ’ವನ್ನು ದಾಟುವಾಗ ನೌಕೆಯ ಗಡಿಯಾರವೂ ‘ಅ’ದ ಗಡಿಯಾರವೂ ಸೊನ್ನೆ ತೋರಿಸುತ್ತವೆ. ನೌಕೆ ‘ಆ’ವನ್ನು ತಲುಪಲು ನಿಲ್ದಾಣದವರ ಲೆಕ್ಕದಲ್ಲಿ 5 ನಿಮಿಷ ಬೇಕು. ಆದ್ದರಿಂದ ತಲುಪಿದ ಕ್ಷಣದಲ್ಲಿ ‘ಆ’ದ ಗಡಿಯಾರ 5 ಎನ್ನುತ್ತದೆ, ನೌಕೆಯದು 4 ಎನ್ನುತ್ತದೆ. ಈ ಎರಡು ಮುಳ್ಳುಗಳೂ ಅಕ್ಕಪಕ್ಕದಲ್ಲಿದ್ದಾಗ ಓದಿದವು. ಇವುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ನಿಲ್ದಾಣದವರು ‘ನೌಕೆಯ ಗಡಿಯಾರ ನಿಧಾನ’ ಎನ್ನುತ್ತಾರೆ.

ಈಗ ನೌಕೆಯವರ ಕಡೆಯಿಂದ ನೋಡೋಣ. ಅವರ ಪ್ರಕಾರ ‘ಆ’ದ ಗಡಿಯಾರ ಚಲಿಸುತ್ತಿದೆ, ಆದ್ದರಿಂದ ತಮ್ಮ 4 ನಿಮಿಷದಲ್ಲಿ ಅದು ಮುಂದೆ ಹೋದದ್ದು 3.2 ನಿಮಿಷ ಮಾತ್ರ. ಹಾಗಿದ್ದರೂ ಅದು 5 ತೋರಿಸುತ್ತಿರುವುದು ಹೇಗೆ? ಅವರ ಲೆಕ್ಕದಲ್ಲಿ ಅದು ಸೊನ್ನೆಯಿಂದ ಹೊರಟೇ ಇಲ್ಲ. ನೌಕೆ ‘ಅ’ವನ್ನು ದಾಟಿದ ಕ್ಷಣದಲ್ಲಿಯೇ ‘ಆ’ದ ಗಡಿಯಾರ 1.8 ನಿಮಿಷ ತೋರಿಸುತ್ತಿತ್ತು. ವೇಗ 0.6, ಅಂತರ 3, ಗುಣಿಸಿದರೆ 1.8, ಇದಕ್ಕೆ 3.2 ಕೂಡಿದರೆ 5. ಅಂತರವೂ ಅವರಿಗೆ 2.4 ಬೆಳಕಿನ ನಿಮಿಷವಾಗಿ ಕುಗ್ಗಿದ್ದು, 0.6 ವೇಗದಲ್ಲಿ ಅದನ್ನು ಕ್ರಮಿಸಲು 4 ನಿಮಿಷವೇ ಸಾಕು. ಒಂದು ಅಂಕಿಯೂ ಇನ್ನೊಂದಕ್ಕೆ ವಿರುದ್ಧವಾಗಿಲ್ಲ. ನಿಲ್ದಾಣದವರು ನೌಕೆಯ ಒಂದು ಗಡಿಯಾರವನ್ನು ತಮ್ಮ ಎರಡು ಗಡಿಯಾರಗಳೊಂದಿಗೆ ಹೋಲಿಸಿದರು, ಮತ್ತು ಆ ಎರಡು ಪರಸ್ಪರ ಸರಿಹೊಂದಿವೆ ಎಂಬುದನ್ನು ನೌಕೆಯವರು ಒಪ್ಪುವುದಿಲ್ಲ. ನಿಮ್ಮ ತರಗತಿಯ ಒಗಟು ಇರುವುದು ಈ 1.8ರಲ್ಲಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಸರ್, ಈ ಲೆಕ್ಕ ಬಹಳ ಚೆನ್ನಾಗಿದೆ. ಆದರೂ ವಿದ್ಯಾರ್ಥಿಗಳ ಪರವಾಗಿ ಒಂದು ಮಾತು ಹೇಳಲೇಬೇಕು. 1.8 ಎಂಬ ಸಂಖ್ಯೆ ಉತ್ತರವನ್ನು ಹೊಂದಿಸಲು ತಂದು ಸೇರಿಸಿದಂತೆ ಕಾಣುತ್ತದೆ. ಲೊರೆಂಟ್ಸ್ ರೂಪಾಂತರ (ಒಬ್ಬರ ಕಾಲ, ದೂರಗಳ ಅಳತೆಯಿಂದ ಇನ್ನೊಬ್ಬರದ್ದನ್ನು ಕಂಡುಹಿಡಿಯುವ ಸೂತ್ರಗಳು) ಗೊತ್ತಿದ್ದವರಿಗೆ ಅದು ಎಲ್ಲಿಂದ ಬಂತೆಂದು ತಿಳಿಯುತ್ತದೆ, ಆದರೆ ಮೊದಲ ಸಲ ಕೇಳುವವರಿಗೆ ತಿಳಿಯುವುದಿಲ್ಲ. ನಾನು ಪದವಿಯಲ್ಲಿದ್ದಾಗ ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ.

ನಿವೃತ್ತ ಪ್ರಾಧ್ಯಾಪಕ, ಮೈಸೂರು

ನ್ಯಾಯವಾದ ಆಕ್ಷೇಪ. ಅದಕ್ಕಾಗಿಯೇ ಸಂಖ್ಯೆಗೆ ಮುಂಚೆ ಗಡಿಯಾರಗಳನ್ನು ಸರಿಹೊಂದಿಸುವ ಬಗೆಯನ್ನು ತೋರಿಸಬೇಕು. ‘ಅ’ ಮತ್ತು ‘ಆ’ಗಳ ನಟ್ಟನಡುವೆ ಒಂದು ದೀಪ ಮಿನುಗುತ್ತದೆ, ಬೆಳಕು ತಲುಪಿದಾಗ ಎರಡೂ ಕಡೆಯವರು ಗಡಿಯಾರವನ್ನು ಸೊನ್ನೆಯಿಂದ ಆರಂಭಿಸುತ್ತಾರೆ. ನಿಲ್ದಾಣದವರಿಗೆ ಇದಕ್ಕಿಂತ ನಿಷ್ಪಕ್ಷಪಾತವಾದ ವಿಧಾನವಿಲ್ಲ. ನೌಕೆಯವರ ನೋಟದಲ್ಲಾದರೋ ಎರಡೂ ನಿಲ್ದಾಣಗಳು ಹಿಂದಕ್ಕೆ ಸಾಗುತ್ತಿವೆ: ‘ಆ’ ಬೆಳಕಿಗೆ ಎದುರಾಗಿ ಬರುತ್ತಿದೆ, ‘ಅ’ ಬೆಳಕಿನಿಂದ ದೂರ ಓಡುತ್ತಿದೆ. ಬೆಳಕಿನ ವೇಗ ಎರಡೂ ದಿಕ್ಕಿಗೆ ಒಂದೇ ಆದ್ದರಿಂದ ಬೆಳಕು ‘ಆ’ವನ್ನು ಮೊದಲು ತಲುಪುತ್ತದೆ, ‘ಆ’ದ ಗಡಿಯಾರ ಮೊದಲೇ ಓಡಲಾರಂಭಿಸುತ್ತದೆ. ಅದು ಮುಂದಿರಲೇಬೇಕು ಎಂಬುದನ್ನು ವಿದ್ಯಾರ್ಥಿಗಳು ಒಂದು ಚಿತ್ರದಿಂದಲೇ ಹೇಳಬಲ್ಲರು. ಎಷ್ಟು ಮುಂದೆ ಎಂಬುದು ಆಮೇಲಿನ ಬೀಜಗಣಿತ.

ಜೊತೆಗೆ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ‘ನೌಕೆಯವರು ನೋಡುತ್ತಾರೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಕಣ್ಣಿಗೆ ಕಾಣುವುದು ಬೇರೆ, ಬೆಳಕು ಬರಲು ಹಿಡಿದ ಕಾಲವನ್ನು ಕಳೆದು ಲೆಕ್ಕ ಹಾಕುವುದು ಬೇರೆ. ಎದುರಾಗಿ ಬರುತ್ತಿರುವ ಗಡಿಯಾರವನ್ನು ದೂರದರ್ಶಕದಲ್ಲಿ ನೋಡಿದರೆ ಅದು ನಿಧಾನವಾಗಿ ಅಲ್ಲ, ವೇಗವಾಗಿಯೇ ಓಡುವಂತೆ ಕಾಣುತ್ತದೆ. ಈ ಭೇದವನ್ನು ಹೇಳದಿದ್ದರೆ ದೃಷ್ಟಿಭ್ರಮೆ ಎಂಬ ಅನುಮಾನಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಪಿಯು ಕಾಲೇಜು ಉಪನ್ಯಾಸಕ, ಕೋಲಾರ

ತರ್ಕದ ಕ್ರಮದ ಬಗ್ಗೆ ಸರ್ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಪಾಠದ ಬಾಗಿಲು ಪ್ರಯೋಗವೇ ಆಗಿರಬೇಕು. ಇದು ನಿಜವಾಗಿ ನಡೆಯುತ್ತದೆ ಎಂಬುದು ಮೊದಲೇ ಗೊತ್ತಾದರೆ, ಹೇಗೆ ಎಂದು ತಿಳಿಯುವ ತಾಳ್ಮೆ ವಿದ್ಯಾರ್ಥಿಗಳಿಗೆ ತಾನಾಗಿಯೇ ಬರುತ್ತದೆ.

ಇದಕ್ಕೆ ಮ್ಯುಯಾನ್‌ಗಳಿಗಿಂತ (ಎಲೆಕ್ಟ್ರಾನ್‌ನಂಥವೇ ಆದರೂ ಹೆಚ್ಚು ಭಾರದ, ಬೇಗನೆ ಕ್ಷಯಿಸುವ ಕಣಗಳು) ಒಳ್ಳೆಯ ಉದಾಹರಣೆಯಿಲ್ಲ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರಕ್ಕೆ ಬಡಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಮ್ಯುಯಾನ್‌ಗಳು ಹುಟ್ಟುತ್ತವೆ. ನಿಶ್ಚಲವಾಗಿರುವ ಮ್ಯುಯಾನ್‌ನ ಸರಾಸರಿ ಆಯಸ್ಸು 2.2 ಮೈಕ್ರೊಸೆಕೆಂಡ್. ಅಷ್ಟು ಹೊತ್ತಿನಲ್ಲಿ ಬೆಳಕೇ 660 ಮೀಟರ್ ಮಾತ್ರ ಹೋಗುತ್ತದೆ. ಆದರೂ ನಾವು ಇಲ್ಲಿ ಮಾತನಾಡುತ್ತಿರುವಾಗಲೇ ನಮ್ಮ ಅಂಗೈಯ ಮೂಲಕ ಸೆಕೆಂಡಿಗೆ ಒಂದರಂತೆ ಮ್ಯುಯಾನ್‌ಗಳು ಹಾದುಹೋಗುತ್ತಿವೆ.

ಭೌತವಿಜ್ಞಾನಿಗಳಾದ ರೊಸ್ಸಿ ಮತ್ತು ಹಾಲ್ ಅಮೆರಿಕದ ಕೊಲೊರಾಡೊದಲ್ಲಿ ಇದನ್ನು ಅಳೆದು 1941ರಲ್ಲಿ ಪ್ರಕಟಿಸಿದರು. ತರಗತಿಗೆ ಹೆಚ್ಚು ಅನುಕೂಲವಾಗಿರುವುದು ಫ್ರಿಶ್ ಮತ್ತು ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗ. ನ್ಯೂ ಹ್ಯಾಂಪ್‌ಶೈರ್‌ನ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ, ಬೆಳಕಿನ ವೇಗದ ಸುಮಾರು 0.995ರಷ್ಟು ವೇಗವಿರುವ ಮ್ಯುಯಾನ್‌ಗಳನ್ನಷ್ಟೇ ಕಬ್ಬಿಣದ ಪದರದ ಮೂಲಕ ಆರಿಸಿ ಎಣಿಸಿದಾಗ ಗಂಟೆಗೆ ಸುಮಾರು 560 ಸಿಕ್ಕವು. ಸುಮಾರು 1,900 ಮೀಟರ್ ಕೆಳಗೆ, ಸಮುದ್ರಮಟ್ಟದ ಬಳಿ ಎಣಿಸಿದಾಗ ಸುಮಾರು 410. ಕೆಳಗೆ ಇಳಿಯಲು ಬೇಕಾದ ಕಾಲ 6.4 ಮೈಕ್ರೊಸೆಕೆಂಡ್, ಅಂದರೆ ಸರಾಸರಿ ಆಯಸ್ಸಿನ ಸುಮಾರು ಮೂರು ಪಟ್ಟು. ವಿಕಿರಣಶೀಲತೆಯ ಪಾಠದಲ್ಲಿ ಕಲಿತ ಕ್ಷಯದ ಸೂತ್ರವನ್ನೇ ಹಾಕಿದರೆ 30ರ ಆಸುಪಾಸಿನಲ್ಲಿ ಉಳಿಯಬೇಕಿತ್ತು. ಉಳಿದದ್ದು 410 ಎಂದರೆ, ಮ್ಯುಯಾನ್‌ಗಳ ಪಾಲಿಗೆ ಕಳೆದ ಕಾಲ 0.7 ಮೈಕ್ರೊಸೆಕೆಂಡ್‌ನಷ್ಟು ಮಾತ್ರ. ನಾನು ಉತ್ತರ ಹೇಳುವುದಿಲ್ಲ, 560, 6.4, 2.2 ಎಂಬ ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಕೆಳಗೆ ಎಷ್ಟು ಸಿಗಬೇಕೆಂದು ವಿದ್ಯಾರ್ಥಿಗಳಿಂದಲೇ ಲೆಕ್ಕ ಹಾಕಿಸುತ್ತೇನೆ. ಅವರು 30 ಎಂದು ಹೇಳಿದ ಮೇಲೆ 410 ಎಂದು ಬರೆದರೆ ತರಗತಿಯ ಗಮನವೆಲ್ಲ ಹಲಗೆಯ ಮೇಲಿರುತ್ತದೆ.

ನಮ್ಮವರಿಗೆ ಇದರ ಜೊತೆ ಇರುವ ನಂಟನ್ನೂ ಹೇಳಬೇಕು. ಮ್ಯುಯಾನ್‌ನ ಕ್ಷಯವನ್ನು ಗಡಿಯಾರವೆಂದು ಎಣಿಸಬಹುದು, ವೇಗವಾಗಿ ಚಲಿಸುವಾಗ ಅದರ ಆಯಸ್ಸು ಹೆಚ್ಚಬೇಕು, ಆದ್ದರಿಂದ ಸಾಪೇಕ್ಷತೆಯನ್ನು ನೇರವಾಗಿ ಪರೀಕ್ಷಿಸಬಹುದು ಎಂದು 1938ರಲ್ಲಿಯೇ ಬರೆದವರು ಹೋಮಿ ಭಾಭಾ. ಆಗ ಆ ಕಣಕ್ಕೆ ಮ್ಯುಯಾನ್ ಎಂಬ ಹೆಸರೂ ಇರಲಿಲ್ಲ. ಯುದ್ಧ ಆರಂಭವಾದ ಮೇಲೆ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆ ನಡೆಸಿದರು. ಮುಂದೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ನಮ್ಮ ಕೋಲಾರ ಚಿನ್ನದ ಗಣಿಯ ಆಳದಲ್ಲಿ ವರ್ಷಗಟ್ಟಲೆ ಮ್ಯುಯಾನ್‌ಗಳನ್ನು ಅಳೆದರು. 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಕುರುಹೂ ಅಲ್ಲಿಯೇ ಸಿಕ್ಕಿತು. ಗಣಿಯ ಪ್ರಯೋಗಗಳು ಕಾಲ ಹಿಗ್ಗುವಿಕೆಯ ಪರೀಕ್ಷೆಗಾಗಿ ನಡೆದವಲ್ಲ ಎಂಬುದನ್ನು ಸ್ಪಷ್ಟವಾಗಿಯೇ ತಿಳಿಸುತ್ತೇನೆ. ಆದರೆ ಕೆ.ಜಿ.ಎಫ್.ನಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ತಮ್ಮ ಅಜ್ಜಂದಿರು ದುಡಿದ ಗಣಿಗೆ ಈ ಕಣಗಳು ಇಳಿಯುತ್ತಿದ್ದವು ಎಂದು ಗೊತ್ತಾಗುವುದು ಸಣ್ಣ ಸಂಗತಿಯಲ್ಲ.

ಪ್ರೌಢಶಾಲಾ ವಿಜ್ಞಾನ ಶಿಕ್ಷಕ, ಕೊಪ್ಪಳ

ಹತ್ತನೆಯ ತರಗತಿಯಲ್ಲಿ ಇದು ಪಠ್ಯವಲ್ಲ, ಆದರೆ ಮಕ್ಕಳು ಬಾಹ್ಯಾಕಾಶದ ವಿಡಿಯೊಗಳನ್ನು ನೋಡಿ ಬಂದು ಕೇಳುತ್ತಾರೆ. ಕೇಳಿದ ಮಕ್ಕಳನ್ನು ‘ಮುಂದೆ ಓದುತ್ತೀರಿ’ ಎಂದು ಕೂರಿಸಲು ನನಗೆ ಮನಸ್ಸು ಬರುವುದಿಲ್ಲ.

ಮೇಡಂ ಕೇಳಿದ ಎದೆಬಡಿತದ ಪ್ರಶ್ನೆಗೆ ನಾನು ಹೇಳುವುದು ಇಷ್ಟು. ನೌಕೆಯೊಳಗೆ ಬೆಳಕಿನ ಗಡಿಯಾರದ ಪಕ್ಕದಲ್ಲಿ ಕೈಗಡಿಯಾರವನ್ನೂ ಇಟ್ಟು, ನಿಮ್ಮ ನಾಡಿಯನ್ನೂ ಹಿಡಿದು ಕುಳಿತಿದ್ದೀರಿ ಎಂದುಕೊಳ್ಳಿ. ವೇಗ ಹೆಚ್ಚಿದಾಗ ಬೆಳಕಿನ ಗಡಿಯಾರ ಮಾತ್ರ ನಿಧಾನವಾಗಿ ಉಳಿದೆರಡು ಹಾಗೆಯೇ ಇದ್ದರೆ, ಕಿಟಕಿ ತೆರೆಯದೆಯೇ ಆ ವ್ಯತ್ಯಾಸವನ್ನು ನೋಡಿ ‘ನಾನು ಚಲಿಸುತ್ತಿದ್ದೇನೆ’ ಎಂದು ಹೇಳಿಬಿಡಬಹುದು. ಸಮವೇಗದ ಚಲನೆಯನ್ನು ಒಳಗಿನ ಯಾವ ಪ್ರಯೋಗದಿಂದಲೂ ಕಂಡುಹಿಡಿಯಲಾಗದು ಎಂಬುದೇ ಸಾಪೇಕ್ಷತೆಯ ಮೂಲ ತತ್ತ್ವ. ಆದ್ದರಿಂದ ಎಲ್ಲವೂ ಒಟ್ಟಿಗೇ ಬದಲಾಗಬೇಕು. ನೌಕೆಯಲ್ಲಿರುವವರಿಗೆ ಏನೂ ನಿಧಾನವಾದಂತೆ ಅನಿಸುವುದೂ ಇಲ್ಲ. ಹದಿನೈದು ವರ್ಷದ ಮಕ್ಕಳೂ ಈ ತರ್ಕವನ್ನು ಹಿಡಿಯುತ್ತಾರೆ.

ಹಿರಿಯರಿಂದ ತಿಳಿಯಬೇಕಾದ ಒಂದು ವಿಷಯವಿದೆ. ಪ್ರತಿ ಸಲವೂ ಯಾರಾದರೂ ರೇವತಿಯ ಕಥೆಯನ್ನು ತರುತ್ತಾರೆ: ಮಗಳಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋದ ರಾಜ ಕಕುದ್ಮಿ ಗಾಯನ ಮುಗಿಯುವವರೆಗೆ ಕಾದು ಕುಳಿತ, ಅಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವು. ಇದು ಕಾಲ ಹಿಗ್ಗುವಿಕೆಯೇ ಎಂದು ಕೇಳಿದರೆ ನೀವು ಏನು ಹೇಳುತ್ತೀರಿ?

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಕಥೆಯನ್ನು ಪ್ರೀತಿಯಿಂದ ಹೇಳಿ, ಅದು ನಮ್ಮದು, ಸುಂದರವಾದದ್ದು. ಕಾಲ ಎಲ್ಲ ಕಡೆಯೂ ಒಂದೇ ಸಮನೆ ಸಾಗಬೇಕಿಲ್ಲ ಎಂಬ ಊಹೆಗೆ ಮಕ್ಕಳ ಮನಸ್ಸನ್ನು ಅದು ತೆರೆಯುತ್ತದೆ. ಆದರೆ ಅದನ್ನು ಪ್ರಮಾಣವೆಂದು ಮುಂದಿಡಬಾರದು. ಅಲ್ಲಿ ವೇಗವಿಲ್ಲ, ಅಳತೆಯಿಲ್ಲ, ಯಾವ ಸಂದರ್ಭದಲ್ಲಿ ಎಷ್ಟು ವ್ಯತ್ಯಾಸವಾಗಬೇಕೆಂಬ ಲೆಕ್ಕವಿಲ್ಲ. ತಪ್ಪೆಂದು ತೋರಿಸಬಹುದಾದ ಯಾವ ಹೇಳಿಕೆಯೂ ಇಲ್ಲ. ಮೌಂಟ್ ವಾಷಿಂಗ್ಟನ್ ಪ್ರಯೋಗದಲ್ಲಿ ಸಮುದ್ರಮಟ್ಟದ ಬಳಿ 410ರ ಬದಲು 30 ಸಿಕ್ಕಿದ್ದರೆ ಐನ್‌ಸ್ಟೈನರ ಸಿದ್ಧಾಂತ ಅಲ್ಲಿಯೇ ಬಿದ್ದುಹೋಗುತ್ತಿತ್ತು. ಕಥೆಗೂ ಸಿದ್ಧಾಂತಕ್ಕೂ ಇರುವ ಈ ವ್ಯತ್ಯಾಸವನ್ನು ಹೇಳಿದರೆ ಕಥೆಗೆ ಅವಮಾನವಾಗುವುದಿಲ್ಲ, ವಿಜ್ಞಾನಕ್ಕೂ ಅನ್ಯಾಯವಾಗುವುದಿಲ್ಲ.

ಉಪಗ್ರಹ ಸಂಚರಣೆಯಲ್ಲಿ ಕೆಲಸ ಮಾಡುವ ಎಂಜಿನಿಯರ್, ಬೆಂಗಳೂರು

ಈ ವಿಷಯ ಬಂದಾಗಲೆಲ್ಲ ಜಿಪಿಎಸ್ ಉದಾಹರಣೆ ಬರುತ್ತದೆ. ಅದನ್ನು ಸರಿಯಾಗಿ ಹೇಳುವುದು ಮುಖ್ಯವೆಂದು ಬರೆಯುತ್ತಿದ್ದೇನೆ. ಜಿಪಿಎಸ್ ಉಪಗ್ರಹಗಳು ಸೆಕೆಂಡಿಗೆ ಸುಮಾರು 3.9 ಕಿಲೋಮೀಟರ್ ವೇಗದಲ್ಲಿ ಸಾಗುವುದರಿಂದ ಅವುಗಳ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಗುರುತ್ವ ಅಲ್ಲಿ ದುರ್ಬಲವಾಗಿರುವುದರಿಂದ, ಸಾಮಾನ್ಯ ಸಾಪೇಕ್ಷತೆಯ (ಐನ್‌ಸ್ಟೈನರ ಗುರುತ್ವ ಸಿದ್ಧಾಂತದ) ಪ್ರಕಾರ, ಸುಮಾರು 45 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಒಟ್ಟು ಪರಿಣಾಮ 38 ಮೈಕ್ರೊಸೆಕೆಂಡ್ ಮುಂದೆ. ಹೀಗಾಗಿ ಉಡಾವಣೆಗೆ ಮುಂಚೆಯೇ ಅವುಗಳ ಆವರ್ತನವನ್ನು ತುಸು ಕಡಿಮೆಗೆ ನಿಗದಿ ಮಾಡುತ್ತಾರೆ.

‘ಈ ತಿದ್ದುಪಡಿ ಇಲ್ಲದಿದ್ದರೆ ನಿಮ್ಮ ಫೋನ್ ದಿನಕ್ಕೆ 11 ಕಿಲೋಮೀಟರ್ ತಪ್ಪು ಜಾಗ ತೋರಿಸುತ್ತದೆ’ ಎಂಬ ಮಾತನ್ನು ಮಾತ್ರ ದಯವಿಟ್ಟು ಹಾಗೆಯೇ ಹೇಳಬೇಡಿ. 38 ಮೈಕ್ರೊಸೆಕೆಂಡ್‌ನಲ್ಲಿ ಬೆಳಕು 11 ಕಿಲೋಮೀಟರ್ ಹೋಗುವುದು ನಿಜ. ಆದರೆ ಗ್ರಾಹಕ ಸಾಧನ ನಾಲ್ಕು ಉಪಗ್ರಹಗಳ ಸಂಕೇತದಿಂದ ತನ್ನ ಸ್ಥಾನವನ್ನೂ ತನ್ನ ಗಡಿಯಾರದ ದೋಷವನ್ನೂ ಒಟ್ಟಿಗೇ ಕಂಡುಹಿಡಿಯುತ್ತದೆ. ಎಲ್ಲ ಉಪಗ್ರಹಗಳಿಗೂ ಸಮಾನವಾದ ವ್ಯತ್ಯಾಸ ಬಹುಮಟ್ಟಿಗೆ ಗಡಿಯಾರದ ಲೆಕ್ಕಕ್ಕೆ ಸೇರಿಹೋಗುತ್ತದೆ, ಸ್ಥಾನದ ಲೆಕ್ಕಕ್ಕೆ ಬರುವುದಿಲ್ಲ. ನೇರವಾಗಿ ಕಾಡುವುದು ಉಪಗ್ರಹದಿಂದ ಉಪಗ್ರಹಕ್ಕೆ ಬೇರೆಯಾಗುವ ಭಾಗ. ಕಕ್ಷೆಯ ಉತ್ಕೇಂದ್ರತೆ (ಅದು ವೃತ್ತದಿಂದ ಎಷ್ಟು ಚಪ್ಪಟೆಯಾಗಿದೆ ಎಂಬ ಅಳತೆ) 0.01 ಇದ್ದರೂ ಗಡಿಯಾರ 23 ನ್ಯಾನೊಸೆಕೆಂಡ್‌ನಷ್ಟು ಹಿಂದೆ ಮುಂದೆ ತೂಗುತ್ತದೆ, ಅಂದರೆ 7 ಮೀಟರ್. ಇದನ್ನು ಗ್ರಾಹಕ ಸಾಧನವೇ ತಿದ್ದಿಕೊಳ್ಳಬೇಕು.

ಜಿಪಿಎಸ್‌ನಂಥ ನಮ್ಮದೇ ದೇಶದ ನಾವಿಕ್ ವ್ಯವಸ್ಥೆಯನ್ನು ಅಭ್ಯಾಸದ ಲೆಕ್ಕವಾಗಿ ಕೊಡಬಹುದು. ಅದರ ಉಪಗ್ರಹಗಳಲ್ಲಿ ರುಬಿಡಿಯಂ ಗಡಿಯಾರಗಳಿವೆ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01ರಲ್ಲಿ ದೇಶದಲ್ಲಿಯೇ ತಯಾರಿಸಿದ ರುಬಿಡಿಯಂ ಗಡಿಯಾರವೂ ಇದೆ. ಎತ್ತರ ಸುಮಾರು 36,000 ಕಿಲೋಮೀಟರ್, ವೇಗ ಸೆಕೆಂಡಿಗೆ 3.07 ಕಿಲೋಮೀಟರ್. ವೇಗದಿಂದ ದಿನಕ್ಕೆ 4.5 ಮೈಕ್ರೊಸೆಕೆಂಡ್ ಹಿಂದೆ, ಗುರುತ್ವದಿಂದ 51 ಮೈಕ್ರೊಸೆಕೆಂಡ್ ಮುಂದೆ, ಒಟ್ಟು ಸುಮಾರು 46 ಮುಂದೆ ಎಂದು ವಿದ್ಯಾರ್ಥಿಗಳೇ ಕಂಡುಕೊಳ್ಳಬಹುದು. ಈ ವ್ಯವಸ್ಥೆಯ ಸಂಚರಣಾ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ.

ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಅವಳಿಗಳ ಸಮಸ್ಯೆಯನ್ನು ಇನ್ನೂ ಯಾರೂ ಎತ್ತಿಲ್ಲ: ಅವಳಿಗಳಲ್ಲಿ ಒಬ್ಬರು ವೇಗವಾಗಿ ದೂರ ಹೋಗಿ ಬಂದರೆ ಮನೆಯಲ್ಲಿದ್ದವರಿಗಿಂತ ವಯಸ್ಸು ಕಡಿಮೆಯಾಗಿರುತ್ತದೆ, ಏಕೆ? ಅದನ್ನು ಸೂತ್ರವಿಲ್ಲದೆ, ಬರೀ ಸಂದೇಶಗಳನ್ನು ಎಣಿಸಿ ಬಿಡಿಸುವ ಒಂದು ದಾರಿ ನನಗೆ ಬಹಳ ಇಷ್ಟ. ತಂಗಿ ಬೆಳಕಿನ ವೇಗದ 0.6ರಷ್ಟು ವೇಗದಲ್ಲಿ 3 ಜ್ಯೋತಿರ್ವರ್ಷ ದೂರದ ನಕ್ಷತ್ರಕ್ಕೆ ಹೋಗಿ ಹಿಂದಿರುಗುತ್ತಾಳೆ, ಅಕ್ಕ ಭೂಮಿಯಲ್ಲಿದ್ದಾಳೆ. ಇಬ್ಬರೂ ತಂತಮ್ಮ ಗಡಿಯಾರದಂತೆ ವರ್ಷ ತುಂಬಿದಾಗಲೆಲ್ಲ ಒಂದು ಯುಗಾದಿ ಶುಭಾಶಯ ಕಳುಹಿಸುತ್ತಾರೆ. ಈ ವೇಗದಲ್ಲಿ ಪರಸ್ಪರ ದೂರವಾಗುತ್ತಿರುವಾಗ ಶುಭಾಶಯಗಳು ಎರಡು ವರ್ಷಕ್ಕೊಂದರಂತೆ ಬರುತ್ತವೆ, ಹತ್ತಿರವಾಗುತ್ತಿರುವಾಗ ಆರು ತಿಂಗಳಿಗೊಂದರಂತೆ. ಈ ನಿಯಮ ಇಬ್ಬರಿಗೂ ಒಂದೇ, ಭೇದವಿಲ್ಲ.

ತಂಗಿ ಹೋಗುವಾಗಿನ ತನ್ನ 4 ವರ್ಷದಲ್ಲಿ 2 ಶುಭಾಶಯ ಪಡೆಯುತ್ತಾಳೆ, ಬರುವಾಗಿನ 4 ವರ್ಷದಲ್ಲಿ 8. ಒಟ್ಟು 10; ಆದ್ದರಿಂದ ಅಕ್ಕನಿಗೆ 10 ವರ್ಷ ಕಳೆದಿದೆ. ತಂಗಿ ತಿರುಗಿದ್ದು ಅಕ್ಕನ ಲೆಕ್ಕದ 5ನೇ ವರ್ಷದಲ್ಲಾದರೂ ಆ ಸುದ್ದಿ ಭೂಮಿಗೆ ತಲುಪಲು ಇನ್ನೂ 3 ವರ್ಷ ಬೇಕು. ಹಾಗಾಗಿ ಅಕ್ಕನಿಗೆ ಮೊದಲ 8 ವರ್ಷದಲ್ಲಿ 4, ಕೊನೆಯ 2 ವರ್ಷದಲ್ಲಿ 4. ಒಟ್ಟು 8; ತಂಗಿಗೆ ಕಳೆದದ್ದು 8 ವರ್ಷ. ತಿರುಗಿದವಳಿಗೆ ಶುಭಾಶಯಗಳು ಬರುವ ಅಂತರ ಆ ಕೂಡಲೇ ಬದಲಾಯಿತು, ಮನೆಯಲ್ಲಿದ್ದವಳಿಗೆ ತಡವಾಗಿ ಬದಲಾಯಿತು. ಇಬ್ಬರ ನಡುವಿನ ಅಸಮಾನತೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಭೌತಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಯುಗಾದಿಯ ಲೆಕ್ಕವನ್ನು ಕಾಗದದ ಮೇಲೆ ಗೀಟು ಎಳೆದು ಮಾಡಿ ನೋಡಿದೆ, ಒಂದೊಂದು ಶುಭಾಶಯವೂ ತನ್ನ ಜಾಗದಲ್ಲಿಯೇ ಬೀಳುತ್ತದೆ. ಒಂದು ಅನುಮಾನ ಉಳಿದಿದೆ. ‘ತಂಗಿ ತಿರುಗುವಾಗ ವೇಗೋತ್ಕರ್ಷಕ್ಕೆ ಒಳಗಾದಳು, ಅದರಿಂದ ಅವಳ ವಯಸ್ಸು ಕಡಿಮೆಯಾಯಿತು’ ಎಂದು ಎಷ್ಟೋ ಟಿಪ್ಪಣಿಗಳಲ್ಲಿ ಬರೆದಿರುತ್ತಾರೆ. ಹಾಗೆ ಹೇಳುವುದು ಸರಿಯೇ?

ನಿವೃತ್ತ ಪ್ರಾಧ್ಯಾಪಕ, ಮೈಸೂರು

ಅರ್ಧ ಸರಿ. ಇಬ್ಬರಲ್ಲಿ ಯಾರು ತಿರುಗಿದರು ಎಂಬುದನ್ನು ವೇಗೋತ್ಕರ್ಷ ಗುರುತಿಸುತ್ತದೆ, ಆದರೆ ಕಾಲದ ವ್ಯತ್ಯಾಸವನ್ನು ಉಂಟುಮಾಡುವುದು ಅದಲ್ಲ. ಶಿವಮೊಗ್ಗದಿಂದ ಉಡುಪಿಗೆ ಒಂದು ಕಾರು ಆಗುಂಬೆ ಘಾಟಿಯಲ್ಲಿ ಇಳಿದು ಹೋಯಿತು, ಇನ್ನೊಂದು ಹುಲಿಕಲ್ ಘಾಟಿಯಲ್ಲಿ. ಉಡುಪಿಯಲ್ಲಿ ಎರಡರ ಮೀಟರ್ ನೋಡಿದರೆ ಕಿಲೋಮೀಟರ್ ಬೇರೆ ಬೇರೆ. ದಾರಿಗಳ ಉದ್ದವೇ ಬೇರೆಯಾದ್ದರಿಂದ ಹೀಗಾಯಿತೇ ಹೊರತು ತಿರುವುಗಳಲ್ಲಿ ಮೀಟರ್ ಕೆಟ್ಟದ್ದರಿಂದಲ್ಲ. ದೇಶಕಾಲದಲ್ಲಿ (ಸ್ಥಳ ಮತ್ತು ಕಾಲ ಎರಡನ್ನೂ ಒಟ್ಟಿಗೆ ಹಿಡಿದ ಚಿತ್ರದಲ್ಲಿ) ಗಡಿಯಾರ ಅಳೆಯುವುದು ತಾನು ಸಾಗಿದ ದಾರಿಯ ಉದ್ದವನ್ನು; ಒಂದೇ ವ್ಯತ್ಯಾಸವೆಂದರೆ, ಅಲ್ಲಿ ನೇರವಾದ ದಾರಿಯಲ್ಲಿ ಅತಿ ಹೆಚ್ಚು ಕಾಲ ಕಳೆಯುತ್ತದೆ. ಅಕ್ಕನ ದಾರಿ ನೇರ, ತಂಗಿಯದು ಬಾಗಿದ್ದು.

ಇದಕ್ಕೆ ಪ್ರಯೋಗದ ಆಧಾರವೂ ಇದೆ. ಜಿನೀವಾದ ಸರ್ನ್ ಕಣಭೌತಶಾಸ್ತ್ರ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಮ್ಯುಯಾನ್‌ಗಳನ್ನು ವೃತ್ತಾಕಾರದ ಉಂಗುರದಲ್ಲಿ ಸುತ್ತಿಸಿದರು. ಗುಣಕ 29.3, ಅಳೆದ ಆಯಸ್ಸು 64.4 ಮೈಕ್ರೊಸೆಕೆಂಡ್, 2.2ನ್ನು 29.3ರಿಂದ ಗುಣಿಸಿ ನೋಡಿ. ಆ ಉಂಗುರದಲ್ಲಿ ಮ್ಯುಯಾನ್‌ಗಳ ಮೇಲಿನ ವೇಗೋತ್ಕರ್ಷ ಭೂಮಿಯ ಗುರುತ್ವದ 10ರ 18ನೇ ಘಾತದಷ್ಟು. ಅಷ್ಟಿದ್ದರೂ ವೇಗದಿಂದ ಬರುವ ಗುಣಕವನ್ನು ಬಿಟ್ಟು ಬೇರೆ ಯಾವ ಪರಿಣಾಮವೂ ಕಾಣಲಿಲ್ಲ.

ಭೌತಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಸ್ಪಷ್ಟವಾಯಿತು ಸರ್. ಬರುವ ಸೆಮಿಸ್ಟರ್‌ನಲ್ಲಿ ಕೋಲಾರದ ಸರ್ ಹೇಳಿದಂತೆ ಮ್ಯುಯಾನ್‌ನ ಮೂರು ಸಂಖ್ಯೆಗಳಿಂದ ಆರಂಭಿಸುತ್ತೇನೆ. ಆಮೇಲೆ ನಡುದೀಪದ ಚಿತ್ರ, ಆಮೇಲೆಯೇ ಬೆಳಕಿನ ಗಡಿಯಾರ ಮತ್ತು ಸೂತ್ರ, ಕೊನೆಗೆ 1.8ರ ಲೆಕ್ಕ. ಅವಳಿಗಳಿಗೆ ಪ್ರತ್ಯೇಕವಾಗಿ ಒಂದು ತರಗತಿ ಮೀಸಲು. ಕಿರುಪರೀಕ್ಷೆಗೆ ಈ ಪ್ರಶ್ನೆ ಕೊಡುವ ಯೋಚನೆಯಿದೆ: ನೌಕೆ ‘ಆ’ವನ್ನು ತಲುಪಿದ ಕ್ಷಣದಲ್ಲಿ ‘ಅ’ದ ಗಡಿಯಾರ ಎಷ್ಟು ತೋರಿಸುತ್ತಿರುತ್ತದೆ? ನಿಲ್ದಾಣದವರ ಲೆಕ್ಕದಲ್ಲಿ 5, ನೌಕೆಯವರ ಲೆಕ್ಕದಲ್ಲಿ 3.2. ಮೂರು ಅಂಕದ ಪ್ರಶ್ನೆಯಲ್ಲಿ ಸಂಖ್ಯೆಗಳಿಗೆ ಒಂದು ಅಂಕ, ಯಾವುದು ಯಾರ ಲೆಕ್ಕದಲ್ಲಿ ಮತ್ತು ಏಕೆ ಎಂದು ಬರೆದವರಿಗೆ ಉಳಿದ ಎರಡು.